‘ನಮ್ಮದು ಮೂಲ್ಕಿ ಟೇಬಲ್, ಎಲ್ಲಿ ಉಂಟು?’: ರಿಸೆಪ್ಶನ್‌ಗೆ ಬಂದವರನ್ನು ಕೂರಿಸಿದ ಕಥೆ

ಕಳೆದ ವಾರ ನಮ್ಮ ಚಿಕ್ಕಮ್ಮನ ಮಗಳ ಮದುವೆ ಮುಗಿಯಿತು. ಧಾರೆ ಮತ್ತು ಮಧ್ಯಾಹ್ನದ ಊಟ ಊರಿನ ಹಾಲ್‌ನಲ್ಲಿ. ಸಾವಿರಕ್ಕಿಂತ ಜಾಸ್ತಿ ಜನ ಬಂದರು, ಉಂಡರು, ಹೋದರು. ಯಾರನ್ನೂ ಯಾರೂ ಕೂರಿಸಲಿಲ್ಲ, ಯಾರಿಗೂ ಬೇಜಾರಾಗಲಿಲ್ಲ. ತಲೆಬಿಸಿ ಇದ್ದದ್ದು ಮರುದಿನ ಸಂಜೆಯ ರಿಸೆಪ್ಶನ್‌ನಲ್ಲಿ. ಮಂಗಳೂರಿನ ಒಂದು ಹೋಟೆಲಿನ ಬ್ಯಾಂಕ್ವೆಟ್ ಹಾಲ್. 24 ರೌಂಡ್ ಟೇಬಲ್, ಒಂದೊಂದಕ್ಕೆ 10 ಕುರ್ಚಿ. ಯಾರು ಯಾವ ಟೇಬಲಿಗೆ ಅಂತ ಮೊದಲೇ ಗೊತ್ತು ಮಾಡಿರಬೇಕು, ಬಂದವರನ್ನು ಅಲ್ಲಿಗೇ ಕರೆದುಕೊಂಡು ಹೋಗಿ ಕೂರಿಸಬೇಕು. ಮದುಮಗಳು ಕೆನಡಾದಲ್ಲಿ ಕೆಲಸದಲ್ಲಿದ್ದಾಳೆ. ಅಲ್ಲಿ ಗೆಳತಿಯರ ಮದುವೆಗಳಲ್ಲಿ ಹಾಗೇ ನೋಡಿದ್ದಾಳೆ. ‘ಅಕ್ಕಾ, ಇದನ್ನು ನೀನೇ ನೋಡ್ಕೊಳ್ಬೇಕು’ ಅಂದಳು. ಆಫೀಸಿನಲ್ಲಿ ದಿನವಿಡೀ ಎಕ್ಸೆಲ್ ಶೀಟ್ ಮುಂದೆ ಕೂರುತ್ತೇನೆ ಎನ್ನುವುದೊಂದೇ ನನಗಿದ್ದ ಅರ್ಹತೆ.

ನಮ್ಮ ಕಡೆ ಇದನ್ನು ಮಾಡಿದವರು ಕಡಿಮೆ. ಕ್ಯಾಥೊಲಿಕ್ ಮದುವೆಗಳಲ್ಲಿ ರೌಂಡ್ ಟೇಬಲ್, ಮೈಕ್ ಹಿಡಿದು ಕಾರ್ಯಕ್ರಮ ನಡೆಸಿಕೊಡುವ ಎಮ್‌ಸಿ, ಗ್ಲಾಸ್ ಎತ್ತಿ ಶುಭ ಹಾರೈಸುವ ಟೋಸ್ಟ್ ಎಲ್ಲ ಹೊಸತಲ್ಲ. ಆದರೆ ಅಲ್ಲೂ ಹತ್ತಿರದ ಸಂಬಂಧಿಕರಿಗೆ ಮುಂದಿನ ಕೆಲವು ಟೇಬಲ್ ಕಾದಿರಿಸಿ, ಉಳಿದವರು ಎಲ್ಲಿ ಬೇಕಾದರೂ ಕೂರಬಹುದು ಅನ್ನುವುದೇ ಹೆಚ್ಚು ಅಂತ ನನ್ನ ಆಫೀಸಿನ ಗೆಳತಿ ಹೇಳಿದಳು. ಹುಡುಕಿದರೆ ಸಿಗುವ ಸಲಹೆಗಳೆಲ್ಲ ಹೊರದೇಶದವರದ್ದು. ಅಲ್ಲಿ ಕಾಗದ ಸಿಕ್ಕಿದವರು ಬರುತ್ತೇವೋ ಇಲ್ಲವೋ ಅಂತ ಬರೆದು ಕಳಿಸುತ್ತಾರೆ. ನಮ್ಮ ಮದುವೆ ಕಾಗದದಲ್ಲಿ ಇರುವುದು ‘ಸಕುಟುಂಬ ಸಪರಿವಾರ’.

ಹಾಗಾಗಿ ಮೊದಲ ಕಷ್ಟ ಪಟ್ಟಿಯದ್ದೇ. ಚಿಕ್ಕಪ್ಪ ಕೊಟ್ಟದ್ದು ಹಳೇ ಡೈರಿಯ ನಾಲ್ಕೈದು ಹಾಳೆ. ಅದರಲ್ಲಿ ‘ಕಿನ್ನಿಗೋಳಿ ಮಾವ’, ‘ಬಜಪೆ ಟೀಚರ್’, ‘ಕಾರ್ಕಳ ಮನೆಯವರು’ ಅಂತ ಇತ್ತು. ಕಾರ್ಕಳ ಮನೆಯವರು ಅಂದರೆ ಎಷ್ಟು ಜನ? ಇಬ್ಬರೂ ಆಗಬಹುದು, ಒಂಬತ್ತೂ ಆಗಬಹುದು. ಕಾಗದ ಕೊಟ್ಟಾಗಿತ್ತು, ಆದರೂ ಒಬ್ಬೊಬ್ಬರಿಗೂ ಫೋನ್ ಮಾಡಿದೆವು. ‘ನೀವು ಎಷ್ಟು ಜನ ಬರ್ತೀರಿ?’ ಅಂತ ಕೇಳುವುದು ನಮ್ಮಲ್ಲಿ ಮರ್ಯಾದೆಯ ಮಾತಲ್ಲ. ಲೆಕ್ಕ ಹಾಕಿ ಊಟ ಹಾಕುತ್ತಾರೆ ಅಂತ ಆಗುತ್ತದೆ. ಚಿಕ್ಕಮ್ಮ ಒಂದು ದಾರಿ ಹುಡುಕಿದರು. ‘ಅಜ್ಜಿಯನ್ನೂ ಕರ್ಕೊಂಡು ಬರ್ತೀರಲ್ವಾ? ಮಕ್ಕಳಿಗೆ ರಜೆ ಉಂಟಾ?’ ಅಂತ ಕೇಳಿದರೆ ಎದುರಿನವರೇ ಎಣಿಸಿ ಹೇಳುತ್ತಿದ್ದರು. ‘ನೋಡುವ’ ಅಂದವರನ್ನು ಅರ್ಧ ಲೆಕ್ಕ ಹಿಡಿದೆ. ಬರುವುದಿಲ್ಲ ಅಂತ ಬಾಯಿ ಬಿಟ್ಟು ಹೇಳಿದವರು ಒಬ್ಬರೂ ಇಲ್ಲ.

ಈ ಲೆಕ್ಕ ಬೇಕಾದದ್ದು ಟೇಬಲಿಗೆ ಮಾತ್ರ ಅಲ್ಲ. ಹೋಟೆಲಿನವರು ಕನಿಷ್ಠ 200 ಪ್ಲೇಟಿನ ಹಣ ಹೇಗೂ ತೆಗೆದುಕೊಳ್ಳುತ್ತಾರೆ. ಜಾಸ್ತಿ ಆದದ್ದಕ್ಕೆ ಬೇರೆ. ಪ್ಲೇಟಿಗೆ ₹1,100, ಮೇಲೆ ಜಿಎಸ್‌ಟಿ. ಕೊನೆಯ ಸಂಖ್ಯೆಯನ್ನು ಮೂರು ದಿನ ಮೊದಲು ಹೇಳಬೇಕು. ಒಪ್ಪಂದದ ಕಾಗದಕ್ಕೆ ಸಹಿ ಹಾಕುವಾಗ ಇದರ ಜೊತೆಗೆ ಇನ್ನೊಂದನ್ನೂ ಕೇಳಿಟ್ಟುಕೊಳ್ಳಿ: ಹಾಲಿನ ನಕ್ಷೆ. ಕಂಬ ಎಲ್ಲಿ, ಅಡುಗೆಮನೆಯ ಬಾಗಿಲು ಎಲ್ಲಿ, ಎಸಿ ಗಾಳಿ ನೇರ ಬೀಳುವುದು ಎಲ್ಲಿ, ಟಾಯ್ಲೆಟ್ ಯಾವ ಕಡೆ. ನಮಗೆ ಸಿಕ್ಕಿದ ನಕ್ಷೆಯಲ್ಲಿ ಕಂಬಗಳೇ ಇರಲಿಲ್ಲ. ಒಂದು ಸಂಜೆ ಖುದ್ದು ಹೋಗಿ ಹೆಜ್ಜೆ ಹಾಕಿ ಅಳೆದು ಗುರುತು ಮಾಡಿಕೊಂಡು ಬಂದೆ.

ಮದುಮಗಳಿಗೆ ಪ್ರತಿ ಕುರ್ಚಿಯ ಮುಂದೂ ಹೆಸರಿನ ಚೀಟಿ ಇಡುವ ಆಸೆ ಇತ್ತು. ಅದನ್ನು ನಾನು ಒಪ್ಪಲಿಲ್ಲ. ನಮ್ಮವರು ಒಬ್ಬೊಬ್ಬರಾಗಿ ಬರುವುದಿಲ್ಲ, ಮನೆಯಾಗಿ ಬರುತ್ತಾರೆ. ಬಂದ ಮೇಲೆ ಮಗು ಯಾರ ಮಡಿಲಲ್ಲಿ, ಅತ್ತೆ ಯಾರ ಪಕ್ಕದಲ್ಲಿ ಅನ್ನುವುದನ್ನು ಅವರೇ ನಿರ್ಧಾರ ಮಾಡಲಿ. ನಾವು ಹೇಳಬೇಕಾದದ್ದು ಟೇಬಲ್ ಯಾವುದು ಅಂತ ಅಷ್ಟೇ. ಹತ್ತು ಕುರ್ಚಿಯ ಟೇಬಲಿಗೆ ಎಂಟು, ಹೆಚ್ಚೆಂದರೆ ಒಂಬತ್ತು ಹೆಸರು ಬರೆದೆ. ಬಾಗಿಲ ಹತ್ತಿರದ ಎರಡು ಟೇಬಲಿಗೆ ಯಾರ ಹೆಸರನ್ನೂ ಬರೆಯಲಿಲ್ಲ. ‘ಇಪ್ಪತ್ತು ಕುರ್ಚಿ ಸುಮ್ನೆ ಖಾಲಿ ಬಿಡ್ತೀಯಾ?’ ಅಂತ ಚಿಕ್ಕಪ್ಪ ಗೊಣಗಿದರು. ಆ ಎರಡು ಟೇಬಲೇ ಆ ದಿನ ನಮ್ಮ ಮಾನ ಉಳಿಸಿದ್ದು.

ಯಾರನ್ನು ಎಲ್ಲಿ ಅನ್ನುವುದು ಲೆಕ್ಕದ ವಿಷಯವಲ್ಲ. ನಮ್ಮದು ಅಳಿಯಕಟ್ಟಿನ ಮನೆ, ಅಂದರೆ ವಂಶ ತಾಯಿಯ ಕಡೆಯಿಂದ ಲೆಕ್ಕ. ಸೋದರಮಾವನ ಸ್ಥಾನ ಮುಂದಿನ ಸಾಲಿನಲ್ಲೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಮಾವನಿಗೆ ಕಿವಿಗೆ ಯಂತ್ರ. ಸ್ಪೀಕರ್ ಪಕ್ಕ ಕೂರಿಸಿದರೆ ಐದು ನಿಮಿಷ ಕೂರಲಾರರು. ಸ್ಪೀಕರ್ ಎಲ್ಲಿ ಬರುತ್ತದೆ ಅಂತ ಸೌಂಡ್‌ನವರನ್ನು ಮೊದಲೇ ಕೇಳಬೇಕಾಯಿತು. ಮಾತು ಬಿಟ್ಟ ಎರಡು ಮನೆಗಳ ನಡುವೆ ಒಂದು ಕಂಬ ಬರುವ ಹಾಗೆ ಮಾಡಿದೆ. ಮದುಮಗನ ಕಡೆಯವರು ಹುಬ್ಬಳ್ಳಿಯವರು, ಸಸ್ಯಾಹಾರಿಗಳು. ಅವರ ಟೇಬಲ್‌ಗಳು ವೆಜ್ ಕೌಂಟರ್ ಇರುವ ಬದಿಗೆ. ನಮ್ಮ ಕೋಳಿ ಸುಕ್ಕ, ಅಂಜಲ್ ಮೀನಿನ ಫ್ರೈ ಇನ್ನೊಂದು ಬದಿಗೆ. ಮೂಡುಬಿದಿರೆಯ ಜೈನ ಕುಟುಂಬವೊಂದು ಸೂರ್ಯ ಮುಳುಗಿದ ಮೇಲೆ ಊಟ ಮಾಡುವುದಿಲ್ಲ. ಅವರಿಗೆ ಬೇಗ ಬರಲು ಹೇಳಿ, ಅಡುಗೆಯವರ ಹತ್ತಿರ ಮೊದಲೇ ಮಾತಾಡಿಟ್ಟೆವು. ಇಂಥದ್ದೆಲ್ಲ ಶೀಟಿನಲ್ಲಿ ಒಂದು ಬೇರೆ ಕಾಲಮ್ ಮಾಡಿ ಬರೆದಿಟ್ಟರೆ ಒಳ್ಳೆಯದು. ಕೊನೆಯ ದಿನ ತಲೆಯಲ್ಲಿ ಏನೂ ಉಳಿಯುವುದಿಲ್ಲ.

ಇನ್ನು ಟೇಬಲಿನ ಹೆಸರು. ಬರೀ ನಂಬರ್ ಸಾಕು ಅಂತ ನಾನು. ‘ಒಂದು ಎರಡು ಅಂದರೆ ಪರೀಕ್ಷೆ ಹಾಲ್ ಥರ ಕಾಣ್ತದೆ’ ಅಂತ ಮದುಮಗಳು. ಲಿಲಿ, ಆರ್ಕಿಡ್, ಪಿಯೊನಿ ಅಂತ ಹೂವಿನ ಪಟ್ಟಿ ಕಳಿಸಿದಳು. ಪಿಯೊನಿ ಯಾವುದು, ಡೇಲಿಯಾ ಯಾವುದು ಅಂತ ನಮ್ಮ ದೊಡ್ಡಮ್ಮಂದಿರಿಗೆ ಹೇಗೆ ಗೊತ್ತಾಗಬೇಕು? ಗೊತ್ತಿದ್ದರೂ ಡೇಲಿಯಾದ ಪಕ್ಕ ಯಾವುದು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಕೊನೆಗೆ ನನ್ನ ತಮ್ಮ ಒಂದು ಉಪಾಯ ಹೇಳಿದ. ಟೇಬಲಿಗೆ ಮಂಗಳೂರು–ಉಡುಪಿ ಬಸ್ಸಿನ ದಾರಿಯ ಊರುಗಳ ಹೆಸರು. ಪಂಪ್‌ವೆಲ್, ನಂತೂರು, ಕೆಪಿಟಿ, ಕುಂಟಿಕಾನ, ಕೊಟ್ಟಾರ ಚೌಕಿ, ಕೂಳೂರು, ಪಣಂಬೂರು, ಬೈಕಂಪಾಡಿ, ಸುರತ್ಕಲ್, ಮುಕ್ಕ, ಹಳೆಯಂಗಡಿ, ಮೂಲ್ಕಿ, ಹೆಜಮಾಡಿ, ಪಡುಬಿದ್ರಿ, ಎರ್ಮಾಳು, ಉಚ್ಚಿಲ, ಮೂಳೂರು, ಕಾಪು, ಪಾಂಗಾಳ, ಕಟಪಾಡಿ, ಉದ್ಯಾವರ, ಬಲಾಯಿಪಾದೆ, ಅಂಬಲಪಾಡಿ, ಉಡುಪಿ. ಎಣಿಸಿದರೆ ಸರಿಯಾಗಿ 24! ಈ ದಾರಿಯಲ್ಲಿ ಓಡಾಡಿದವರಿಗೆ ಹೆಜಮಾಡಿ ಎಲ್ಲಿ ಅಂತ ಹೇಳಬೇಕಾಗಿಲ್ಲ. ಮೂಲ್ಕಿ ಕಂಡರೆ ಮುಂದಿನದ್ದು ಹೆಜಮಾಡಿ. ವೇದಿಕೆಯ ಎಡದಿಂದ ಪಂಪ್‌ವೆಲ್ ಶುರು ಮಾಡಿ, ಒಂದು ಸಾಲು ಎಡದಿಂದ ಬಲಕ್ಕೆ, ಮುಂದಿನ ಸಾಲು ಬಲದಿಂದ ಎಡಕ್ಕೆ ತಿರುಗಿಸಿದೆವು. ಹಾಗೆ ಮಾಡಿದರೆ ಪಕ್ಕದ ಊರು ಪಕ್ಕದಲ್ಲೇ ಬರುತ್ತದೆ. ಮದುಮಗಳೂ ಖುಷಿಪಟ್ಟಳು. ಕಾಲೇಜಿಗೆ ಇದೇ ಬಸ್ಸಿನಲ್ಲಿ ನಿಂತುಕೊಂಡು ಹೋದವಳು ಅವಳು.

ಹುಬ್ಬಳ್ಳಿಯವರ ಸಲುವಾಗಿ ಹೆಸರಿನ ಜೊತೆ ನಂಬರನ್ನೂ ದೊಡ್ಡದಾಗಿ ಹಾಕಿಸಿದೆವು. ನೀವು ಏನೇ ಚಂದದ ಹೆಸರಿಟ್ಟರೂ ನಂಬರ್ ಬಿಡಬೇಡಿ.

ಬಾಗಿಲಲ್ಲಿ ಇಡುವ ಬೋರ್ಡನ್ನು ಎರಡು ಥರ ಮಾಡಬಹುದು. ಟೇಬಲ್ ಹೆಸರು ಬರೆದು ಅದರ ಕೆಳಗೆ ಕೂರುವವರ ಹೆಸರು ಬರೆಯುವುದು ಒಂದು. ನೋಡಲು ಅದೇ ಚಂದ. ಆದರೆ ನಿಮ್ಮ ಹೆಸರು ಹುಡುಕಲು 24 ಪಟ್ಟಿಯನ್ನೂ ಓದಬೇಕು, ಹಿಂದೆ ನಿಂತವರು ಕಾಯಬೇಕು. ಇನ್ನೊಂದು, ಎಲ್ಲರ ಹೆಸರನ್ನೂ ಅಕ್ಷರದ ಸಾಲಿನಲ್ಲಿ ಬರೆದು ಎದುರಿಗೆ ಟೇಬಲ್ ಬರೆಯುವುದು. ನಾವು ಎರಡನೆಯದ್ದನ್ನೇ ಹಿಡಿದೆವು. ಅಡ್ಡಹೆಸರಿನಿಂದ ಶುರು ಮಾಡುವುದು ನಮ್ಮಲ್ಲಿ ಆಗದ ಕೆಲಸ. ಪಟ್ಟಿಯ ಅರ್ಧಕ್ಕೆ ಅರ್ಧ ಶೆಟ್ಟಿಯವರು, ಮಿಕ್ಕವರಲ್ಲಿ ರೈ, ಆಳ್ವ, ಹೆಗ್ಡೆ. ಇನಿಶಿಯಲ್‌ನಿಂದ ಶುರು ಮಾಡಿದರೂ ಕಷ್ಟ, ಎಲ್ಲರೂ ಕೆ. ಅಥವಾ ಬಿ. ಹಾಗಾಗಿ ಕರೆಯುವ ಹೆಸರು ಮೊದಲು, ಆಮೇಲೆ ಊರು. ವಸಂತಿ ಅನ್ನುವವರು ನಾಲ್ಕು ಜನ ಇದ್ದರು. ‘ವಸಂತಿ, ಕಿನ್ನಿಗೋಳಿ’, ‘ವಸಂತಿ, ಸುರತ್ಕಲ್’ ಅಂತ ಬರೆದರೆ ಮಾತ್ರ ಅವರಿಗೇ ಅರ್ಥವಾಗುತ್ತದೆ. ಒಂದು ಬೋರ್ಡು ಕನ್ನಡದಲ್ಲಿ, ಇನ್ನೊಂದು ಇಂಗ್ಲಿಷಿನಲ್ಲಿ.

ಪ್ರಿಂಟಿಂಗ್‌ನಲ್ಲಿ ಒಂದು ದೊಡ್ಡ ಗಂಡಾಂತರ ಇತ್ತು. ನಾನು ಟೈಪ್ ಮಾಡಿದ್ದು ಯೂನಿಕೋಡ್‌ನಲ್ಲಿ. ಅಂಗಡಿಯವರ ಹಳೇ ಸಾಫ್ಟ್‌ವೇರ್‌ನಲ್ಲಿ ಅದನ್ನು ತೆರೆದಾಗ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ‘ಪುಷ್ಪಾ’ ಒಂದು ಕಡೆ, ಅವರ ಒತ್ತು ಇನ್ನೊಂದು ಕಡೆ. ‘ನುಡಿಗೆ ಬದಲಿಸಿ ಕೊಡಿ’ ಅಂದರು. ನುಡಿ ಅಂದರೆ ಕನ್ನಡ ಟೈಪ್ ಮಾಡುವ ಸಾಫ್ಟ್‌ವೇರ್, ಅದರ ಹಳೇ ಫಾಂಟ್‌ಗಳು ಯೂನಿಕೋಡ್ ಅಲ್ಲ. ಬದಲಿಸಿದರೆ ಅರ್ಕಾವತ್ತು ಹಾಳು. ಕೊನೆಗೆ ಮನೆಯಲ್ಲೇ ಬೋರ್ಡಿನ ಅಳತೆಗೆ ಸರಿಯಾಗಿ ಪುಟ ಜೋಡಿಸಿ ಪಿಡಿಎಫ್ ಮಾಡಿಕೊಟ್ಟೆ. ಪಿಡಿಎಫ್‌ನಲ್ಲಿ ಅಕ್ಷರ ಒಳಗೇ ಕೂತಿರುತ್ತದೆ, ಅಲುಗಾಡುವುದಿಲ್ಲ. ಕನ್ನಡದಲ್ಲಿ ಏನಾದರೂ ಪ್ರಿಂಟ್ ಮಾಡಿಸುವವರು ಮೊದಲ ದಿನವೇ ಹಾಗೆ ಮಾಡಿ. ಮತ್ತೆ, ಅಂತಿಮ ಪ್ರಿಂಟಿಗೆ ಮುಂಚೆ ಒಂದು ಹಾಳೆಯನ್ನು ಗೋಡೆಗೆ ಅಂಟಿಸಿ, ಮನೆಯ ಹಿರಿಯರೊಬ್ಬರನ್ನು ನಾಲ್ಕು ಹೆಜ್ಜೆ ಹಿಂದೆ ನಿಲ್ಲಿಸಿ ಓದಿಸಿ. ನಮ್ಮ ಅಪ್ಪ ಕಣ್ಣು ಕಿರಿದು ಮಾಡಿದ್ದು ನೋಡಿ ನಾನು ಅಕ್ಷರದ ಅಳತೆ ಹೆಚ್ಚಿಸಿದೆ. ಚಿನ್ನದ ಬಣ್ಣದ ಅಕ್ಷರ ಬೇಡವೇ ಬೇಡ. ಲೈಟಿನ ಕೆಳಗೆ ಹೊಳೆಯುತ್ತದೆ, ಓದಲು ಬರುವುದಿಲ್ಲ.

ಕ್ಯೂಆರ್ ಕೋಡ್ ಇಡುವ ಯೋಚನೆಯೂ ಇತ್ತು. ಹಾಲ್ ಇದ್ದದ್ದು ನೆಲದ ಕೆಳಗಿನ ಮಹಡಿಯಲ್ಲಿ, ನೆಟ್‌ವರ್ಕ್ ಇಲ್ಲ. ಅಲ್ಲಿಗೆ ಅದು ಮುಗಿಯಿತು.

ಇಷ್ಟೆಲ್ಲ ಮಾಡಿದರೂ ಬೋರ್ಡು ನೋಡಿ ತಾವಾಗಿಯೇ ಹೋಗಿ ಕೂರುವವರು ನಮ್ಮಲ್ಲಿ ಕಡಿಮೆ. ಬಂದವರನ್ನು ಯಾರಾದರೂ ಎದುರುಗೊಳ್ಳಬೇಕು, ತುಳುವಿನಲ್ಲಿ ‘ಬಲೆ ಬಲೆ’ (ಬನ್ನಿ ಬನ್ನಿ) ಅಂತ ಕರೆಯಬೇಕು, ಒಳಗೆ ಕರೆದುಕೊಂಡು ಹೋಗಬೇಕು. ಅದು ಅವರಿಗೆ ಸಲ್ಲಬೇಕಾದ ಮರ್ಯಾದೆ. ಅದಕ್ಕೆ ಕಸಿನ್‌ಗಳ ಮಕ್ಕಳು ಆರು ಜನರನ್ನು ಹಿಡಿದೆ. ಎಲ್ಲ ಪಿಯುಸಿ, ಡಿಗ್ರಿ ಓದುವವರು. ಪ್ರತಿಯೊಬ್ಬರ ಕೈಗೂ ಹೆಸರಿನ ಪಟ್ಟಿ, ಹಿಂಬದಿಯಲ್ಲಿ ಹಾಲಿನ ನಕ್ಷೆ. ಆದರೆ ಇಲ್ಲಿ ಒಂದು ಸೂಕ್ಷ್ಮ ಉಂಟು. ಪಟ್ಟಿ ನೋಡಬೇಕಾದರೆ ಹೆಸರು ಗೊತ್ತಿರಬೇಕು. ಸಂಬಂಧಿಕರ ಹತ್ತಿರ ‘ನಿಮ್ಮ ಹೆಸರೇನು?’ ಅಂತ ಕೇಳಿದರೆ ಮುಗಿಯಿತು ಕಥೆ. ‘ನಾನು ಯಾರು ಅಂತ ಗೊತ್ತಿಲ್ವಾ ನಿನಗೆ? ನಿನ್ನನ್ನು ಎತ್ತಿ ಆಡಿಸಿದ್ದೇನೆ’ ಅಂತ ಶುರುವಾಗುತ್ತದೆ. ಹಾಗಾಗಿ ಜೋಡಿ ಮಾಡಿದೆವು. ಮುಖ ಗುರುತಿರುವ ಹಿರಿಯರು ಒಬ್ಬರು, ಪಟ್ಟಿ ಹಿಡಿದ ಮಕ್ಕಳು ಇಬ್ಬರು. ಚಿಕ್ಕಪ್ಪ ದೊಡ್ಡ ಸ್ವರದಲ್ಲಿ ‘ಓ, ಕಿನ್ನಿಗೋಳಿ ಮಾವ ಬಂದರು!’ ಅನ್ನಬೇಕು. ಮಕ್ಕಳು ಅಷ್ಟರಲ್ಲಿ ಪಟ್ಟಿ ನೋಡಿ ‘ಬನ್ನಿ ಅಜ್ಜ, ಸುರತ್ಕಲ್’ ಅನ್ನಬೇಕು. ಮದುಮಗನ ಕಡೆಗೆ ಅವನ ಅಕ್ಕನೇ ನಿಂತರು. ಇಡೀ ವ್ಯವಸ್ಥೆಯಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ ಜೋಡಿ. ಬೋರ್ಡು ಇಲ್ಲದಿದ್ದರೂ ನಡೆಯುತ್ತಿತ್ತು ಅಂತ ಈಗ ಅನಿಸುತ್ತದೆ.

ರಿಸೆಪ್ಶನ್ ದಿನ ಮಧ್ಯಾಹ್ನ ಹಾಲ್‌ಗೆ ಹೋದಾಗ ಎದೆ ಧಸಕ್ಕೆಂದಿತು. ಡ್ಯಾನ್ಸಿಗೆ ಜಾಗ ಬೇಕು ಅಂತ ಡೆಕೊರೇಶನ್‌ನವರು ಮುಂದಿನ ಸಾಲಿನ ಎರಡು ಟೇಬಲನ್ನು ಎತ್ತಿ ಹಿಂದೆ ಹಾಕಿದ್ದರು. ಕೊಟ್ಟಾರ ಚೌಕಿ ಮತ್ತು ಕೂಳೂರು ಹೋಗಿ ಉಡುಪಿಯ ಆಚೆ ಕೂತಿದ್ದವು! ಟೇಬಲನ್ನು ವಾಪಸ್ ತರಲು ಅವರು ಒಪ್ಪಲಿಲ್ಲ. ಆಮೇಲೆ ಹೊಳೆಯಿತು: ಟೇಬಲ್ ಯಾವುದಾದರೇನು, ಹೆಸರಿನ ಸ್ಟ್ಯಾಂಡ್ ಸಾಲಾಗಿದ್ದರೆ ಆಯಿತು. ಕೊಟ್ಟಾರ ಚೌಕಿಯಿಂದ ಉಡುಪಿಯವರೆಗಿನ ಎಲ್ಲ ಸ್ಟ್ಯಾಂಡನ್ನೂ ಎರಡೆರಡು ಟೇಬಲ್ ಹಿಂದಕ್ಕೆ ಸರಿಸಿದೆವು. ಬಸ್ಸಿನ ದಾರಿ ಸರಿಯಾಯಿತು, ಬೋರ್ಡು ಬದಲಿಸುವ ಕೆಲಸ ತಪ್ಪಿತು. ಮಕ್ಕಳ ಕೈಯ ನಕ್ಷೆಯನ್ನು ಪೆನ್ನಿನಲ್ಲಿ ತಿದ್ದಿದರೆ ಸಾಕಾಯಿತು. ನಡುವೆ ಕಂಬ ಇಟ್ಟಿದ್ದ ಆ ಎರಡು ಮನೆಯವರು ಮಾತ್ರ ಈಗ ಎದುರುಬದುರಾದರು. ಒಂದು ಸ್ಟ್ಯಾಂಡ್ ಅದಲು ಬದಲು ಮಾಡಿ ಅದನ್ನೂ ಸರಿಪಡಿಸಿದೆ.

ಹೂವಿನವರು ಟೇಬಲ್ ನಡುವೆ ಇಟ್ಟ ಹೂದಾನಿ ಹೆಸರಿನ ಸ್ಟ್ಯಾಂಡಿಗಿಂತ ಎತ್ತರ. ದೂರದಿಂದ ಹೆಸರು ಕಾಣುವುದೇ ಇಲ್ಲ. ಸ್ಟ್ಯಾಂಡನ್ನು ಟೇಬಲಿನ ಅಂಚಿಗೆ ತಂದು ಬಾಗಿಲ ಕಡೆ ತಿರುಗಿಸಿದೆವು. ಕೂತವರ ತಲೆಗಿಂತ ಎತ್ತರದ ಸ್ಟ್ಯಾಂಡ್ ಬಾಡಿಗೆಗೆ ಸಿಗುತ್ತದೆ, ಕೇಳಿ ತೆಗೆದುಕೊಳ್ಳಿ.

ಏಳು ಗಂಟೆ ಅಂತ ಕಾಗದದಲ್ಲಿ ಇತ್ತು. ಏಳೂವರೆವರೆಗೆ ಹಾಲ್‌ನಲ್ಲಿ ನಾವೇ. ಏಳೂಮುಕ್ಕಾಲಿಗೆ ಒಮ್ಮೆಲೇ ನೂರು ಜನ. ಬೋರ್ಡನ್ನು ನಾವು ಪನ್ನೀರು, ಕಲ್ಲುಸಕ್ಕರೆಯ ಮೇಜಿನಿಂದ ದೂರ, ಒಳಗಿನ ಮೊಗಸಾಲೆಯಲ್ಲಿ ಇಟ್ಟಿದ್ದು ಒಳ್ಳೆಯದಾಯಿತು. ಬಾಗಿಲಲ್ಲೇ ಇಟ್ಟಿದ್ದರೆ ಸಾಲು ರಸ್ತೆಗೆ ಬರುತ್ತಿತ್ತು. ‘ಓಲು ಕುಲ್ಲೊಡು?’ (ಎಲ್ಲಿ ಕೂರಬೇಕು?) ಅನ್ನುವ ಪ್ರಶ್ನೆ ನಾಲ್ಕೂ ಕಡೆಯಿಂದ. ಮಕ್ಕಳಿಗೆ ಸ್ವಲ್ಪ ಹೊತ್ತಿನಲ್ಲೇ ಹುರುಪು ಬಂದು ಕಂಡಕ್ಟರ್‌ಗಳ ಹಾಗೆ ‘ಮೂಲ್ಕಿ, ಹೆಜಮಾಡಿ, ಪಡುಬಿದ್ರಿ!’ ಅಂತ ಕೂಗಲು ಶುರು ಮಾಡಿದರು. ನೆಂಟರು ನಗುತ್ತಾ ಹಿಂದೆ ಹೋದರು. ಹುಬ್ಬಳ್ಳಿಯ ಹಿರಿಯರೊಬ್ಬರು ನನ್ನನ್ನು ನಿಲ್ಲಿಸಿ ‘ಅಲ್ರೀ, ಈ ಪಂಪ್‌ವೆಲ್ ಅಂದ್ರ ಯಾವ ಕಡೆ ಬರ್ತೈತ್ರಿ?’ ಅಂದರು. ಪಕ್ಕದಲ್ಲಿದ್ದ ನಮ್ಮ ಮಾವ ಸುಮ್ಮನಿರಲಿಲ್ಲ. ‘ಪಂಪ್‌ವೆಲ್ಲಾ? ಅಲ್ಲಿ ಊಟ ಬರ್ಲಿಕ್ಕೆ ತಡ ಆಗ್ತದೆ. ನಾವು ಅಲ್ಲಿಯ ಫ್ಲೈಓವರಿಗೆ 2020ರ ತನಕ ಕಾದವರು’ ಅಂದರು. ಅದರ ಕಥೆ ಪೂರ್ತಿ ಕೇಳಿಸಿಕೊಂಡೇ ಅವರು ಟೇಬಲಿಗೆ ಹೋದದ್ದು.

ಕಟಪಾಡಿ ದೊಡ್ಡಮ್ಮನಿಗೆ ಮುಂದಿನ ಸಾಲಿನ ಕುಂಟಿಕಾನ ಟೇಬಲ್ ಇಟ್ಟಿದ್ದೆ. ‘ಎಂತ ಮಾರಾಯ್ತಿ, ನಾನು ಕಟಪಾಡಿಯವಳು. ನನ್ನನ್ನು ಕುಂಟಿಕಾನದಲ್ಲಿ ಯಾಕೆ ಇಳಿಸ್ತೀ?’ ಅಂತ ಹೇಳಿ ನೇರ ಹಿಂದಿನ ಸಾಲಿನ ಕಟಪಾಡಿಗೆ ಹೋಗಿ ಕೂತರು. ಮಗ, ಸೊಸೆ, ಮೊಮ್ಮಕ್ಕಳು ಹಿಂದೆಯೇ. ಕುಂಟಿಕಾನ ಅರ್ಧ ಖಾಲಿ, ಕಟಪಾಡಿ ತುಂಬಿ ತುಳುಕಾಡಿತು. ಊರಿನ ಹೆಸರು ಇಟ್ಟರೆ ಇದೊಂದು ಅಪಾಯ ಉಂಟು. ಎಬ್ಬಿಸಲು ಹೋಗಲಿಲ್ಲ. ಕಟಪಾಡಿಯಲ್ಲಿ ಕೂರಬೇಕಾದವರನ್ನು ಮುಂದೆ ಕರೆದುಕೊಂಡು ಹೋದೆವು. ಮುಂದಿನ ಸಾಲು ಸಿಕ್ಕಿದ್ದಕ್ಕೆ ಅವರಿಗೆ ಖುಷಿಯೇ ಆಯಿತು.

ನನಗೆ ನಿಜವಾಗಿ ಭಯ ಇದ್ದದ್ದು ಪಟ್ಟಿಯಲ್ಲಿ ಹೆಸರಿಲ್ಲದವರು ಬಂದರೆ ಏನು ಅಂತ. ಬಂದರು. ಚಿಕ್ಕಪ್ಪನ ಹಳೇ ಸಹೋದ್ಯೋಗಿ, ಹೆಂಡತಿ, ಇಬ್ಬರು ಮಕ್ಕಳು. ಬಾಯಿಮಾತಿನಲ್ಲಿ ಕರೆದದ್ದಂತೆ. ಬೋರ್ಡಿನ ಮುಂದೆ ನಿಂತು ಮೇಲಿನಿಂದ ಕೆಳಗೆ ಓದಿ, ಮತ್ತೆ ಮೇಲಿನಿಂದ ಓದುತ್ತಿದ್ದರು. ಆ ಹೆಂಗಸಿನ ಮುಖ ನೋಡಿ ನನಗೆ ಹೊಟ್ಟೆಯೊಳಗೆ ಸಂಕಟವಾಯಿತು. ಅಷ್ಟರಲ್ಲಿ ನಮ್ಮ ಹುಡುಗಿಯೊಬ್ಬಳು ಹೋಗಿ ‘ಆಂಟಿ, ನಿಮಗೆ ಅಂಬಲಪಾಡಿ, ಬನ್ನಿ’ ಅಂತ ಕೈ ಹಿಡಿದು ಕರೆದುಕೊಂಡು ಹೋದಳು. ಮಕ್ಕಳಿಗೆ ಮೊದಲೇ ಹೇಳಿಕೊಟ್ಟಿದ್ದೆ: ‘ನಿಮ್ಮ ಹೆಸರು ಇಲ್ಲ’ ಅನ್ನುವ ಮಾತು ಯಾರ ಬಾಯಲ್ಲೂ ಬರಬಾರದು. ಹೆಸರು ಸಿಗದಿದ್ದರೆ ನಾವು ಖಾಲಿ ಬಿಟ್ಟಿದ್ದ ಅಂಬಲಪಾಡಿ, ಅದು ತುಂಬಿದರೆ ಉಡುಪಿ. ರಾತ್ರಿ ಮುಗಿಯುವಾಗ ಎರಡೂ ಭರ್ತಿ.

ಕೂತವರು ಕೂತೇ ಇರುತ್ತಾರೆ ಅಂತ ಎಣಿಸಬೇಡಿ. ನಮ್ಮ ಜನ ಬಂದ ಕೂಡಲೇ ವೇದಿಕೆಗೆ ಹೋಗಿ ಫೋಟೋ ತೆಗೆಸಿಕೊಂಡು ಕವರ್ ಕೊಟ್ಟು ಊಟಕ್ಕೆ ಹೋಗುವವರು. ಫೋಟೋ ಸಾಲಿಗೆ ಎದ್ದುಹೋದವರ ಕುರ್ಚಿಯಲ್ಲಿ ಬೇರೆಯವರು ಕೂತದ್ದು ಎಷ್ಟೋ ಸಲ. ಎಮ್‌ಸಿ ಹುಡುಗ ಜಾಣ. ‘ಈಗ ಪಂಪ್‌ವೆಲ್‌ನಿಂದ ಕೂಳೂರಿನವರೆಗೆ ವೇದಿಕೆಗೆ ಬನ್ನಿ, ಉಳಿದವರು ಸೀಟ್ ಬಿಡಬೇಡಿ’ ಅಂತ ತುಳುವಿನಲ್ಲೂ ಕನ್ನಡದಲ್ಲೂ ಹೇಳಿದ ಮೇಲೆ ಗಲಾಟೆ ಕಡಿಮೆಯಾಯಿತು. ಬಫೆಗೂ ಹಾಗೇ ಸಾಲು ಸಾಲಾಗಿ ಕರೆದ. ಎಮ್‌ಸಿಗೆ ಒಂದು ನಕ್ಷೆ ಕೊಡುವುದನ್ನು ಮರೆಯಬೇಡಿ. ಹಾಗೇ ವೇಟರ್‌ಗಳಿಗೂ ಹೇಳಿಡಿ. ಸ್ಟಾರ್ಟರ್ ಪ್ಲೇಟಿಗೆ ಜಾಗ ಬೇಕು ಅಂತ ಅವರು ಸ್ಟ್ಯಾಂಡ್‌ಗಳನ್ನೆಲ್ಲ ತೆಗೆದು ಮೂಲೆಯಲ್ಲಿ ರಾಶಿ ಹಾಕಿದ್ದರು. ಒಂಬತ್ತು ಗಂಟೆಗೆ ಬಂದವರಿಗೆ ಹೆಸರೂ ಇಲ್ಲ, ನಂಬರೂ ಇಲ್ಲ. ಅವರನ್ನೆಲ್ಲ ಮಕ್ಕಳೇ ನಡೆಸಿಕೊಂಡು ಹೋದರು.

ವಯಸ್ಸಾದವರು ಏಳುವುದು ಬೇಡ ಅಂತ ಅವರ ಟೇಬಲಿಗೇ ಊಟ ಬಡಿಸಲು ಹೇಳಿದ್ದೆವು. ಸೋದರಮಾವ ನೀರುದೋಸೆ ಎರಡನೇ ಸಲ ತರಿಸಿಕೊಂಡರು. ಇಷ್ಟು ದಿನ ಪಟ್ಟ ಕಷ್ಟದಲ್ಲಿ ನನಗೆ ಸಮಾಧಾನ ಕೊಟ್ಟದ್ದು ಅದು.

ಖರ್ಚಿನ ಲೆಕ್ಕ ಕೇಳುವವರಿಗೆ: ಎರಡು ಸನ್‌ಬೋರ್ಡ್ ಪ್ರಿಂಟ್, ಬೋರ್ಡು ಇಡುವ ಈಸಲ್, 24 ಟೇಬಲ್ ಸ್ಟ್ಯಾಂಡ್ ಬಾಡಿಗೆ, ಹೆಸರಿನ ಕಾರ್ಡು, ಮಕ್ಕಳಿಗೆ ಜೆರಾಕ್ಸ್ ಎಲ್ಲ ಸೇರಿ ₹6,400 ಆಯಿತು. ಡೆಕೊರೇಶನ್‌ನವರು ಇಷ್ಟೇ ಕೆಲಸಕ್ಕೆ ₹18,000 ಹೇಳಿದ್ದರು. ಮಕ್ಕಳಿಗೆ ತಲಾ ₹500 ಮತ್ತು ಐಸ್‌ಕ್ರೀಂ ಬೇರೆ. ಊಟದ ಲೆಕ್ಕ 227 ಪ್ಲೇಟಿಗೆ ನಿಂತಿತು, ನಾವು ಹೇಳಿದ್ದು 215. ಪ್ಲೇಟ್ ಎಣಿಸುವಾಗ ನಮ್ಮ ಕಡೆಯವರು ಒಬ್ಬರು ಕೌಂಟರ್ ಹತ್ತಿರ ನಿಂತಿರಲಿ. ಟೇಬಲ್ ಪಟ್ಟಿ ಕೈಯಲ್ಲಿದ್ದ ಕಾರಣ ಯಾವ ಟೇಬಲಿನಲ್ಲಿ ಎಷ್ಟು ಜನ ಅಂತ ನಾವೂ ತೋರಿಸಿದೆವು. ಬಿಲ್ಲಿನಲ್ಲಿ ಮೊದಲು 241 ಅಂತ ಬರೆದಿದ್ದವರು ಇಳಿಸಿದ್ದು ಆ ಪಟ್ಟಿ ನೋಡಿಯೇ. ಸ್ಟ್ಯಾಂಡ್‌ಗಳನ್ನು ಅದೇ ರಾತ್ರಿ ಎಣಿಸಿ ಡಬ್ಬಕ್ಕೆ ಹಾಕಿಸಿ. ನಮ್ಮದರಲ್ಲಿ ಎರಡು ಕಡಿಮೆ ಬಂದು ಡೆಪಾಸಿಟ್‌ನಿಂದ ₹300 ಹಿಡಿದರು. ಆಮೇಲೆ ಗೊತ್ತಾಯಿತು, ಕಟಪಾಡಿ ಅಂತ ಬರೆದದ್ದನ್ನು ದೊಡ್ಡಮ್ಮ ಮನೆಗೆ ಒಯ್ದಿದ್ದಾರೆ. ಇನ್ನೊಂದು ಯಾರ ಮನೆಯಲ್ಲಿ ಉಂಟೋ ಇನ್ನೂ ಗೊತ್ತಾಗಿಲ್ಲ.